ಭಾರ, ಮೂರರಲ್ಲೊಂದು ಪಾಲು

ಅಮಗಸಾಕಿಯ ಜೂನ್ ತಿಂಗಳು. ನಾಲ್ಕನೇ ಮಹಡಿ.
ಕೆಳಗೆ ಹಾವುಮೀನು ಸುಡುವ ಅಂಗಡಿ,
ಅದರ ಹೊಗೆಯೆಲ್ಲ ನಮ್ಮ ಕಿಟಕಿಗೆ.
ಅಂಗಿ ಬೆನ್ನಿಗಂಟುವ ಆ ಸೆಕೆಯಲ್ಲಿ
ಆರು ಜನ ಕೂತು ಹಿಮ ಮಾಡುತ್ತಿದ್ದೆವು.

ನನ್ನ ಪಾಲಿಗೆ ಬಂದದ್ದು ಗುರುತ್ವಾಕರ್ಷಣೆ.
ಮೊದಲು ಪುಸ್ತಕದಲ್ಲಿದ್ದಷ್ಟೇ ಇಟ್ಟೆ:
ಒಂಬತ್ತು ದಶಾಂಶ ಎಂಟು. ಪ್ರಾಮಾಣಿಕ ಸಂಖ್ಯೆ.
ಪರದೆಯ ಹುಡುಗ ದಿಬ್ಬದಿಂದ ಹಾರಿದ,
ಅರ್ಧ ಸುತ್ತು ತಿರುಗುವಷ್ಟರಲ್ಲಿ
ಅಕ್ಕಿಮೂಟೆಯ ಹಾಗೆ ದೊಪ್ಪನೆ ಬಿದ್ದ.
ಕುರೊಯಿವಾ ಸಾಹೇಬರು ಸಿಗರೇಟು ಹೊಸಕಿ ಅಂದರು:
"ಇದು ಮನೇಲೂ ಸಿಗತ್ತಲ್ಲಯ್ಯ.
ನೂರು ಯೆನ್ ಕೊಟ್ಟು ಯಾರು ಬೀಳ್ತಾರೆ?"

ಎಂಟು ಮಾಡಿದೆ. ಆರು ಮಾಡಿದೆ.
ಕೊನೆಯ ರೈಲು ತಪ್ಪಿದ ಒಂದು ರಾತ್ರಿ
ಮೂರು ಚಿಲ್ಲರೆಗೆ ಇಳಿಸಿದೆ,
ಮಂಗಳ ಗ್ರಹಕ್ಕಿಂತ ತುಸು ಕಡಿಮೆ.
ಹುಡುಗ ಹಾರಿದ.
ಒಂದು ಸುತ್ತು, ಎರಡು ಸುತ್ತು,
ಬಗ್ಗಿ ಹಲಗೆಯ ಅಂಚು ಹಿಡಿದು, ಬಿಟ್ಟು,
ಪೈನ್ ಮರಗಳ ನೆತ್ತಿ ಸವರಿ
ಇಳಿಯುವುದನ್ನೇ ಮರೆತವನಂತೆ.
ನೋಡುತ್ತೇನೆ, ನಾನೂ ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ.

ಅವನಿಗಿನ್ನೂ ಮೀಸೆಯಿಲ್ಲ,
ಆದರೂ ಬಿದ್ದರೆ ಅದು ಮಣ್ಣಾಗಬಾರದು, ಅಷ್ಟೇ ನಿಯಮ.
ಉರುಳಿ, ಪುಡಿ ಹಾರಿಸಿ,
ಎರಡು ಸೆಕೆಂಡಿಗೆ ಮತ್ತೆ ಹಲಗೆಯ ಮೇಲೆ.
ಅಷ್ಟರಲ್ಲಿ ಮೂವರು ಮುಂದೆ ಹೋಗಿರುತ್ತಾರೆ. ಹೋಗಲಿ.

ಸದ್ದು ಶಿಗೆನೊ ಅವರದು.
ಪಕ್ಕದ ಗೂಡಿನಂಥ ಕೋಣೆ, ಗೋಡೆಗೆಲ್ಲ ಹಾಸಿಗೆ ಬಡಿದದ್ದು,
ಫ್ಯಾನು ಹಾಕುವಂತಿಲ್ಲ, ಮೈಕು ಕೇಳಿಸಿಕೊಳ್ಳುತ್ತದೆ.
ಚರ್ಮದ ಚೀಲದಲ್ಲಿ ಆಲೂಗಡ್ಡೆ ಹಿಟ್ಟು ತುಂಬಿ
ಕಣ್ಣು ಮುಚ್ಚಿ ಹೆಬ್ಬೆರಳಿಂದ ಒತ್ತುವರು:
ಕರ್ರ್. ಕರ್ರ್. ಕುರುಕ್.
ಹೊಸ ಹಿಮಕ್ಕೊಂದು ಒತ್ತು, ಹಳೆಯದಕ್ಕೊಂದು,
ನೀರ್ಗಲ್ಲಿಗೆ ಅಡುಗೆಮನೆಯ ತುರಿಮಣೆ, ಉಗುರು.
"ನಿಜವಾದ ಹಿಮ ಹೀಗೇ ಕೂಗತ್ತಾ?" ಕೇಳಿದೆ.
"ಯಾರಿಗೆ ಗೊತ್ತು, ನಾನು ಒಕಿನಾವಾದವಳು."

ಕಂಪನಿ ಮುಚ್ಚಿತು. ಇಪ್ಪತ್ತು ವರ್ಷವಾಯಿತು.
ಈಗ ನಾನು ಲಿಫ್ಟುಗಳ ತಪಾಸಣೆಗಾರ:
ಎಷ್ಟು ಜನಕ್ಕೆ ಎಷ್ಟು ಕಿಲೋ, ಹಗ್ಗ ಎಷ್ಟು ತಡೆದೀತು.
ಇಲ್ಲಿ ದಶಾಂಶ ಮುಟ್ಟುವಂತಿಲ್ಲ.

ಕಳೆದ ಗುರುವಾರ ಹಿಮೇಜಿ, ಮೂರನೇ ಮಹಡಿಯ ಬೌಲಿಂಗ್ ಅಂಗಳ.
ಬಾಡಿಗೆ ಬೂಟುಗಳ ಕಪಾಟಿನಾಚೆ
ನಮ್ಮ ಯಂತ್ರ!
ನಿಲ್ಲುವ ಹಲಗೆಗೆ ಬಿರುಕು, ಟೇಪು ಸುತ್ತಿದ್ದಾರೆ,
ಎಡಗಡೆಯ ಸೆನ್ಸರ್ ಸತ್ತಿದೆ.
ಅದರ ಮೇಲೊಬ್ಬಳು ಹೆಂಗಸು, ಅರವತ್ತರ ಆಸುಪಾಸು,
ಮೀನಂಗಡಿಯ ಏಪ್ರನ್, ರಬ್ಬರ್ ಬೂಟು,
ಹಿಡಿಗಂಬಿಗೆ ತೂಗಿಸಿದ ಚೀಲದಿಂದ
ಈರುಳ್ಳಿ ದಂಟು ಗೇಣುದ್ದ ಹೊರಗೆ.
ಓರೆಯಾದ ಯಂತ್ರಕ್ಕೆ ತಾನೂ ಓರೆಯಾಗಿ ನಿಂತು
ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಬಂದಳು.
ಕೊನೆಯ ದಿಬ್ಬ. ಮೊಣಕಾಲು ಬಗ್ಗಿತು.
ಮೂರು ಸುತ್ತು! ಈರುಳ್ಳಿ ದಂಟು ಗಡಗಡ ನಡುಗಿತು.
ಕರ್ರ್, ಎಂದಿತು ಶಿಗೆನೊ ಅವರ ಹೆಬ್ಬೆರಳು.

ಹೆಸರು ಕೇಳಿತು ಯಂತ್ರ, ಮೂರೇ ಅಕ್ಷರ.
ಅವಳು ಆಗಲೇ ಚೀಲ ಬಿಚ್ಚುತ್ತಿದ್ದಳು.
ಹತ್ತು ಸೆಕೆಂಡು ಕಾದು ತಾನೇ ಬರೆದುಕೊಂಡಿತು:
ಎ ಎ ಎ. ಅದರ ಕೆಳಗೂ ಎ ಎ ಎ.
ಹತ್ತು ಸಾಲೂ ಅವಳದೇ, ಒಂದರಲ್ಲೂ ಅವಳಿಲ್ಲ.

ಆ ಮೂರು ಚಿಲ್ಲರೆ ನನ್ನದು ಅನ್ನಬೇಕೆನಿಸಿತು.
ಅವಳು ಲಿಫ್ಟಿನ ಮುಂದೆ ನಿಂತಳು.
ಬಾಗಿಲಿಗೆ ನಾನೇ ತೂಗುಹಾಕಿದ ಹಲಗೆ:
'ತಪಾಸಣೆ ನಡೆದಿದೆ, ಮೆಟ್ಟಿಲು ಬಳಸಿ'.
"ಇವತ್ತೇ ಆಗಬೇಕಿತ್ತೇ ನಿಮಗೆ?" ಅಂದಳು,
ಕಟಕಟೆ ಹಿಡಿದು ಒಂದು ಕಾಲು ಇಳಿಸಿ,
ಅದರ ಪಕ್ಕ ಇನ್ನೊಂದು ಇಟ್ಟು, ನಿಂತು.
ಚೀಲ ಇಲ್ಲಿ ಕೊಡಿ ಎಂದೆ.
ಕೊಟ್ಟಳು.
ನಿಜಕ್ಕೂ ಭಾರವಿತ್ತು.